ಆಟಗಾರ ವಿದ್ಯಾರ್ಥಿಗೆ ಧನಸಹಾಯ: ನ್ಯಾಯ ಯಾವುದು?

ನಮ್ಮ ಕಡೆಯ ಜಾತ್ರೆಗಳಲ್ಲಿ ತೇರು ಎಳೆದ ಮೇಲೆ ಕುಸ್ತಿಗಳು ನಡೆಯುವುದು ವಾಡಿಕೆ. ಇಬ್ಬರು ಜಟ್ಟಿಗಳು ಕೈ ಕೂಡಿಸುವ ಮೊದಲು ಊರ ಹಿರಿಯರು ಅವರ ಮೈಕಟ್ಟನ್ನೂ ವಯಸ್ಸನ್ನೂ ನೋಡಿ ಜೋಡಿ ಕಟ್ಟುತ್ತಾರೆ. ಆಳಿಗೆ ಆಳು ಸರಿಯಾಗಿದ್ದರೆ ಮಾತ್ರ ಅದು ಕುಸ್ತಿ ಎಂಬುದು ಅವರ ನಂಬಿಕೆ. ಆದರೆ ಯಾರಿಗೆ ಹಾಲು, ತುಪ್ಪ, ಬಾದಾಮಿಯ ಖುರಾಕು ದೊರೆಯಿತು, ಯಾರು ಬರಿಯ ರೊಟ್ಟಿ ಖಾರ ತಿಂದು ಬಂದರು ಎಂಬುದನ್ನು ಜೋಡಿ ಕಟ್ಟುವವರು ಕೇಳುವುದಿಲ್ಲ. ಕಣದೊಳಗಿನ ನ್ಯಾಯ ಒಂದು. ಕಣಕ್ಕೆ ಬಂದು ನಿಲ್ಲುವವರೆಗಿನ ನ್ಯಾಯ ಮತ್ತೊಂದು. ಕಾಲೇಜುಗಳ ಆಟಗಳಲ್ಲಿಯೂ ಈ ಎರಡನೆಯ ನ್ಯಾಯದ ಪ್ರಶ್ನೆ ಇದೆ. ಅದನ್ನು ಆಳಂದ, ಅಫಜಲಪುರ, ಜೇವರ್ಗಿಗಳಂತಹ ಊರುಗಳ ಚಿಕ್ಕ ಕಾಲೇಜುಗಳನ್ನು ಕಣ್ಣ ಮುಂದಿಟ್ಟುಕೊಂಡು ಇಲ್ಲಿ ವಿಚಾರ ಮಾಡೋಣ.

ಈ ಮೂರೂ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಆಳಂದ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿದೆ; ಅಫಜಲಪುರ, ಜೇವರ್ಗಿಗಳ ಹೊಲಗಳು ಭೀಮೆಯ ನೀರನ್ನು ಕಂಡವು. ತೊಗರಿ, ಜೋಳ, ನದಿಯ ದಂಡೆಗೆ ಕಬ್ಬು, ಇವು ಇಲ್ಲಿನ ಬದುಕು. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ನೇಮಕವಾದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 39ನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಈ ಮೂರೂ ಆ 39ರಲ್ಲಿ ಸೇರಿದ್ದವು. ಮುಂದೆ 2012ರಲ್ಲಿ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371ಜೆ ಅನುಚ್ಛೇದ ಬಂದಿತು. ಅದನ್ನನುಸರಿಸಿ 2013ರಲ್ಲಿ ಹೊರಟ ಆದೇಶದಂತೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟುಗಳು ಸ್ಥಳೀಯರಿಗೆ ಮೀಸಲಾದವು. ಹುಟ್ಟಿದ ನೆಲವೂ ಅವಕಾಶವನ್ನು ಕಿರಿದು ಮಾಡಬಲ್ಲದು ಎಂಬ ಮಾತನ್ನು ಕಾನೂನು ಹೀಗೆ ಒಪ್ಪಿಕೊಂಡಿತು. ಆದರೆ ಆಟದ ಬಯಲಿನಲ್ಲಿ ಈ ಅಳತೆಗೋಲು ಇಲ್ಲ. ಅಲ್ಲಿ ತಾಲ್ಲೂಕಿನ ಕಾಲೇಜೂ ನಗರದ ಕಾಲೇಜೂ ಒಂದೇ ಗೆರೆಯ ಮೇಲೆ ನಿಲ್ಲಬೇಕು.

ಕಾಲೇಜು ಆಟಗಳ ಏಣಿಯ ಮೆಟ್ಟಿಲುಗಳು ಹೀಗಿವೆ. ಮೊದಲು ಕಾಲೇಜಿನ ತಂಡ. ಅದು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಲ್ಲಿ ಆಡುತ್ತದೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವೇ ಈ ಭಾಗಕ್ಕೆ ಆ ವೇದಿಕೆ. ಅಲ್ಲಿ ಮಿಂಚಿದವರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋಗುತ್ತಾರೆ. ಅವನ್ನು ನೋಡಿಕೊಳ್ಳುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ಎಂದು ಹುಟ್ಟಿದ ಸಂಸ್ಥೆ ಇದು. ಆಡುವವನು ನಿಜವಾಗಿ ಪೂರ್ಣಕಾಲದ ವಿದ್ಯಾರ್ಥಿಯಾಗಿರಬೇಕು, ವಯಸ್ಸಿನ ಮಿತಿಯೊಳಗಿರಬೇಕು, ಪೂರ್ಣಕಾಲದ ನೌಕರನಾಗಿರಬಾರದು ಎಂಬುದು ಸಂಘದ ನಿಯಮಗಳ ತಿರುಳು. ಹೆಸರಿಗೆ ಮಾತ್ರ ವಿದ್ಯಾರ್ಥಿಯಾದವನನ್ನು ತಂದು ಆಡಿಸುವ ಮೋಸಕ್ಕೆ ಇವು ತಡೆ. ಇವು ಕಣದೊಳಗಿನ ನ್ಯಾಯವನ್ನು ಕಾಯುತ್ತವೆ. ಆದರೆ ಆ ವಿದ್ಯಾರ್ಥಿ ಕಣಕ್ಕೆ ಬರಲು ಬೇಕಾದ ಹಣ ಎಲ್ಲಿಂದ ಬರಬೇಕು?

ಆಟಗಾರನ ಕೈಗೆ ಬರುವ ಹಣ ಮೂರು ಬಗೆಯದು. ಮೊದಲನೆಯದು ಖರ್ಚಿನ ಭರ್ತಿ: ಬಸ್ಸಿನ ಟಿಕೇಟು, ಊಟ, ವಸತಿ, ಬೂಟು, ಅಂಗಿ. ಎರಡನೆಯದು ಅಗತ್ಯದ ನೆರವು: ಮನೆಯ ಬಡತನವನ್ನು ನೋಡಿ ಆಟಗಾರನಿಗೂ ಆಟಗಾರನಲ್ಲದವನಿಗೂ ಒಂದೇ ಬಗೆಯಾಗಿ ಕೊಡುವ ವಿದ್ಯಾರ್ಥಿವೇತನ. ಮೂರನೆಯದು ಆಟಕ್ಕಾಗಿಯೇ ಕೊಡುವ ಹಣ: ಶುಲ್ಕ ಮಾಫಿ, ಪುಕ್ಕಟೆ ವಸತಿ, ಮಾಸಾಶನ. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾತನಾಡುವುದರಿಂದಲೇ ಬಹಳಷ್ಟು ಗೊಂದಲ ಹುಟ್ಟುತ್ತದೆ.

ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳೋಣ. ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯ ಹುಡುಗ. ತಂದೆ ತಾಯಿ ಕೂಲಿಯವರು. ಪರಿಶಿಷ್ಟ ಜಾತಿಗೆ ಸೇರಿದವರು. ಹುಡುಗ ಮನೆಯಿಂದಲೇ ಓಡಾಡಿಕೊಂಡು ಬಿ.ಎ. ಓದುತ್ತಾನೆ, ಕಬಡ್ಡಿಯಲ್ಲಿ ಒಳ್ಳೆಯ ದಾಳಿಗಾರ. ತೊಗರಿ ಕೊಯ್ಲಿನ ದಿನಗಳಲ್ಲಿ 40 ಕಿಲೋಮೀಟರು ಆಚೆಯ ಕಲಬುರಗಿಯಲ್ಲಿ ನಾಲ್ಕು ದಿನದ ಪಂದ್ಯಗಳು ಗೊತ್ತಾಗುತ್ತವೆ. ಅವನ ಬಸ್ ಪಾಸು ಮನೆಗೂ ಕಾಲೇಜಿಗೂ ನಡುವಿನ ದಾರಿಗೆ ಮಾತ್ರ. ಕಲಬುರಗಿಗೆ ಬೇರೆ ಟಿಕೇಟು. ಊಟದ ಖರ್ಚು ಬೇರೆ. ಇಷ್ಟು ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ಇನ್ನೊಂದಿದೆ: ಆ ನಾಲ್ಕು ದಿನ ಅವನು ಹೊಲಕ್ಕೆ ಹೋಗಿದ್ದರೆ ಬರುತ್ತಿದ್ದ ಕೂಲಿ. 2025-26ರಲ್ಲಿ ಕರ್ನಾಟಕಕ್ಕೆ ಗೊತ್ತಾಗಿದ್ದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಅದನ್ನೇ ಅಳತೆಗೆ ಹಿಡಿದರೆ ನಾಲ್ಕು ದಿನಕ್ಕೆ 1,480 ರೂಪಾಯಿ ಹೋಯಿತು.

ಈ ಮೊತ್ತವನ್ನು ಅವನ ವಿದ್ಯಾರ್ಥಿವೇತನದ ಪಕ್ಕಕ್ಕಿಟ್ಟು ನೋಡಬೇಕು. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕೋತ್ತರ ವಿದ್ಯಾರ್ಥಿವೇತನದ ಯೋಜನೆ 1944ರಿಂದ ನಡೆದುಬಂದಿದೆ. 2020-21ರಿಂದ ಜಾರಿಗೆ ಬಂದ ಕೇಂದ್ರದ ಪರಿಷ್ಕೃತ ದರದಂತೆ ಸಾಮಾನ್ಯ ಪದವಿ ತರಗತಿಯವನಿಗೆ, ಬೋಧನಾ ಶುಲ್ಕವಲ್ಲದೆ, ವರ್ಷಕ್ಕೆ ದೊರೆಯುವ ಭತ್ಯೆ ವಸತಿ ನಿಲಯದಲ್ಲಿದ್ದರೆ 6,000 ರೂಪಾಯಿ, ಮನೆಯಿಂದ ಬರುವವನಾದರೆ 3,000. ಅಂದರೆ ನಾಲ್ಕು ದಿನದ ಒಂದೇ ಪಂದ್ಯಾವಳಿ ನಮ್ಮ ಹುಡುಗನ ವರ್ಷದ ಭತ್ಯೆಯ ಅರ್ಧಕ್ಕೆ ಸಮನಾದುದನ್ನು ನುಂಗಿತು. ಅವನ ಪಕ್ಕದ ಬೆಂಚಿನಲ್ಲಿ ಕುಳಿತವನು ಆಡದೆ ಇದ್ದುದರಿಂದ ಅವನಿಗೆ ಈ ನಷ್ಟವಿಲ್ಲ. ಕಾಲೇಜಿನ ಹೆಸರಿಗಾಗಿ ಆಡಿದ ಬಡವನು, ಆಡದಿದ್ದ ಬಡವನಿಗಿಂತ ಇನ್ನೂ ಬಡವನಾದನು. ಇದಕ್ಕೆ ಯಾರೂ ದುರುದ್ದೇಶದಿಂದ ಕಾರಣರಲ್ಲ. ನಿಯಮಗಳಲ್ಲಿ ಈ ಲೆಕ್ಕಕ್ಕೆ ಜಾಗವಿಲ್ಲ, ಅಷ್ಟೆ.

ಹುಡುಗಿಯರ ಮಟ್ಟಿಗೆ ಒಂದು ಭಾರ ಇಳಿದಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣವಿಲ್ಲ. ಅಫಜಲಪುರದ ಖೋ ಖೋ ತಂಡದ ಹುಡುಗಿಯರು 60 ಕಿಲೋಮೀಟರಿಗೂ ಮೇಲ್ಪಟ್ಟ ದಾರಿಯನ್ನು ಈಗ ದುಡ್ಡಿಲ್ಲದೆ ಕ್ರಮಿಸಬಹುದು. ಆದರೆ ರಾತ್ರಿ ತಂಗಲು ತಕ್ಕ ಜಾಗ, ಜೊತೆಗೆ ಹೋಗುವ ಹಿರಿಯಳೊಬ್ಬಳು, ಹೊತ್ತಿಗೆ ಊಟ, ಇವು ಇಲ್ಲದಿದ್ದರೆ ತಾಯಿ ತಂದೆ ಮಗಳನ್ನು ಕಳುಹಿಸಲು ಒಪ್ಪರು. ಹುಡುಗಿಯರ ತಂಡಕ್ಕೆ ಈ ಖರ್ಚು ಅಲಂಕಾರವಲ್ಲ, ಅದೇ ಹೊಸ್ತಿಲು.

ಇನ್ನು ಕಾಲೇಜಿನ ಕಡೆಯಿಂದ ನೋಡೋಣ. ಕಾಲೇಜುಗಳು ವಿದ್ಯಾರ್ಥಿಗಳಿಂದ ಕ್ರೀಡಾ ಶುಲ್ಕವನ್ನು ತೆಗೆದುಕೊಳ್ಳುತ್ತವೆ. ಲೆಕ್ಕಕ್ಕಾಗಿ ತಲೆಗೆ 100 ರೂಪಾಯಿ ಎಂದು ಹಿಡಿಯಿರಿ. 400 ಮಂದಿ ಓದುವ ಕಾಲೇಜಿಗೆ ಬರುವುದು 40,000. 4,000 ಮಂದಿ ಓದುವ ನಗರದ ಕಾಲೇಜಿಗೆ 4 ಲಕ್ಷ. ಆದರೆ ಕಬಡ್ಡಿ ತಂಡಕ್ಕೆ ಎರಡೂ ಕಡೆ 12 ಜನರೇ ಬೇಕು. ನಗರದ ಕಾಲೇಜಿಗೆ ಪಂದ್ಯದ ಬಯಲು ಮನೆಯ ಬಾಗಿಲಲ್ಲಿದೆ. ತಾಲ್ಲೂಕಿನ ಕಾಲೇಜು ಬಸ್ಸು ಹತ್ತಿ ಅಲ್ಲಿಗೆ ಹೋಗಬೇಕು. ಹತ್ತನೆಯ ಒಂದು ಪಾಲು ಹಣದಲ್ಲಿ ಅಷ್ಟೇ ಜನರ ತಂಡವನ್ನು ಹೆಚ್ಚು ದೂರ ಕಳುಹಿಸಬೇಕಾದ ದೈಹಿಕ ಶಿಕ್ಷಣ ನಿರ್ದೇಶಕರ ಪಾಡು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮತ್ತೊಂದು ಮಾತು: ಈ ಹಣ ಎಂದೂ ಆಡದ ವಿದ್ಯಾರ್ಥಿಯ ಜೇಬಿನಿಂದಲೂ ಬಂದುದು. ಆದುದರಿಂದ ಅದು ಹೇಗೆ ಖರ್ಚಾಯಿತೆಂದು ಕೇಳುವ ಹಕ್ಕು ಅವನಿಗೂ ಉಂಟು.

ಹೀಗಿರುವಲ್ಲಿ ಸಾಧನವುಳ್ಳ ಕಾಲೇಜು ತಾಲ್ಲೂಕಿನ ಒಳ್ಳೆಯ ಆಟಗಾರನಿಗೆ ಶುಲ್ಕ ಮಾಫಿ, ಊಟ, ವಸತಿ ಕೊಟ್ಟು ಕರೆದರೆ ಅವನು ಹೋಗುವುದು ಸಹಜ. ಹತ್ತು ವರ್ಷ ಊರ ಬಯಲಿನಲ್ಲಿ ಬೆಳೆದ ಪೈರನ್ನು ಬೇರೆಯವರು ಕೊಯ್ದಂತಾಯಿತೆಂದು ಚಿಕ್ಕ ಕಾಲೇಜಿನವರು ನೊಂದುಕೊಳ್ಳುತ್ತಾರೆ. ಇದನ್ನು ನಿಯಮದಿಂದ ತಡೆಯಬಾರದೇ ಎಂಬ ಪ್ರಶ್ನೆ ಏಳುತ್ತದೆ.

ತಡೆದು ನೋಡಿದ ದೇಶವೊಂದಿದೆ. ಅಮೆರಿಕೆಯಲ್ಲಿ ಕಾಲೇಜು ಆಟಗಳಿಗೆ ಹಣ ಹರಿಯುವ ಬಗೆಯನ್ನು ಕುರಿತು ಕಾರ್ನೆಗಿ ಪ್ರತಿಷ್ಠಾನ 1929ರಲ್ಲೇ ಕಟುವಾದ ವರದಿಯನ್ನು ಹೊರಡಿಸಿತ್ತು. 1948ರಲ್ಲಿ ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ ಆಟಗಾರರಿಗೆ ಕೊಡುವ ನೆರವಿಗೆ ಕಟ್ಟುಪಾಡು ಹಾಕಿತು; ಅದು ನಿಲ್ಲದೆ 1951ರಲ್ಲಿ ರದ್ದಾಯಿತು. 1973ರಲ್ಲಿ ಸಂಘ ತನ್ನ ಕಾಲೇಜುಗಳನ್ನು ಮೂರು ವಿಭಾಗ ಮಾಡಿತು. ಮೂರನೆಯ ವಿಭಾಗದಲ್ಲಿ ಬಹುಮಟ್ಟಿಗೆ ಚಿಕ್ಕ ಕಾಲೇಜುಗಳೇ. ಇಂದು ಅವು 400ಕ್ಕೂ ಹೆಚ್ಚು. ಅಲ್ಲಿ ಆಟವನ್ನು ನೋಡಿ ಒಂದು ಕಾಸನ್ನೂ ಕೊಡುವಂತಿಲ್ಲ. ಬಡತನಕ್ಕೆ ಕೊಡಬಹುದು, ಓದಿಗೆ ಕೊಡಬಹುದು, ಆದರೆ ಆಟಗಾರರಿಗೂ ಇತರರಿಗೂ ಒಂದೇ ತಕ್ಕಡಿಯಲ್ಲಿ ತೂಗಿ ಕೊಡಬೇಕು. ಹಾಗೆ ಕೊಟ್ಟರೋ ಇಲ್ಲವೋ ಎಂಬುದನ್ನು ತೋರಿಸಲು ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು. ಇತ್ತ ಮೊದಲನೆಯ ವಿಭಾಗದ ದೊಡ್ಡ ವಿಶ್ವವಿದ್ಯಾಲಯಗಳು 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಮೇರೆಗೆ ಆಟಗಾರರಿಗೆ ನೇರವಾಗಿ ವರಮಾನದ ಪಾಲನ್ನೇ ಕೊಡತೊಡಗಿವೆ. ಒಂದೇ ಮನೆಯಲ್ಲಿ ಎರಡು ಒಲೆ ಹೊತ್ತಿದಂತಾಗಿದೆ.

ಮೂರನೆಯ ವಿಭಾಗದ ನಿಯಮ ನೋಡಲು ಚೆಂದ. ಆದರೆ ಅದನ್ನು ಹಾಗೆಯೇ ತಂದು ಇಲ್ಲಿ ನೆಡಲಾಗದು. ಅಲ್ಲಿ ಆಟಕ್ಕೆ ಹಣ ನಿಂತರೂ ಅಗತ್ಯದ ನೆರವು ಕೈ ಹಿಡಿಯುತ್ತದೆ. ನಮ್ಮ ಹುಡುಗನಿಗೆ ವರ್ಷಕ್ಕೆ 3,000 ರೂಪಾಯಿ ಹೊರತು ಬೇರೆ ಆಸರೆಯಿಲ್ಲದಿರುವಾಗ, ನಗರದ ಕಾಲೇಜಿನ ಪುಕ್ಕಟೆ ಸೀಟನ್ನು ನ್ಯಾಯದ ಹೆಸರಿನಲ್ಲಿ ಕಿತ್ತುಕೊಂಡರೆ ಯಾರಿಗೆ ನ್ಯಾಯವಾಯಿತು? ಅವನ ಹಳೆಯ ಕಾಲೇಜಿಗೆ ಒಬ್ಬ ಆಟಗಾರ ಉಳಿದಾನು. ಅವನಿಗೆ ಓದೇ ತಪ್ಪೀತು. ಕಾಲೇಜುಗಳ ನಡುವಿನ ಸಮತೆಗಾಗಿ ಹುಡುಗನ ಬಾಳನ್ನು ಪಣಕ್ಕೆ ಇಡುವುದು ಸಲ್ಲದು.

ಅಮೆರಿಕೆಯಿಂದ ಕಲಿಯತಕ್ಕ ಇನ್ನೊಂದು ಪಾಠ ಗಾಯಗೊಂಡವನದು. ಅಲ್ಲಿ 1973ರಿಂದ ಆಟದ ವಿದ್ಯಾರ್ಥಿವೇತನವನ್ನು ಒಂದೊಂದೇ ವರ್ಷಕ್ಕೆ ಕೊಡುವ ನಿಯಮವಿತ್ತು; ಮೊಣಕಾಲು ಮುರಿದವನಿಗೆ ಮರುವರ್ಷದ ಭರವಸೆ ಇರಲಿಲ್ಲ. ಹಲವು ವರ್ಷಗಳಿಗೆ ಒಟ್ಟಿಗೆ ಕೊಡಲು ಅವಕಾಶವಾದದ್ದು 2012ರ ಸುಮಾರಿಗೆ. ನಮ್ಮಲ್ಲಿಯೂ ಆಟದ ಮೇಲೆ ಸೀಟು ಕೊಡುವವರು, ಆಟ ನಿಂತರೂ ಪದವಿ ಮುಗಿಯುವವರೆಗೆ ನೆರವು ನಿಲ್ಲುವುದಿಲ್ಲವೆಂದು ಬರೆದು ಕೊಡಬೇಕು. ತಾಯಿ ತಂದೆಯರು ಆ ಕಾಗದವನ್ನು ಕೇಳಿ ಪಡೆಯಬೇಕು.

ಸರಕಾರದ ದೊಡ್ಡ ನೆರವುಗಳಿಲ್ಲವೆಂದಲ್ಲ. ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದವರಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿನ ಭತ್ಯೆ ಗೊತ್ತಾಗಿದೆ. 2022ರಲ್ಲಿ ಬೆಂಗಳೂರಿನಲ್ಲಿ ಆ ಯೋಜನೆಯ ವಿಶ್ವವಿದ್ಯಾಲಯ ಕ್ರೀಡಾಕೂಟವೂ ನಡೆಯಿತು. ಇವು ಏಣಿಯ ತುದಿಯ ಮೆಟ್ಟಿಲನ್ನು ಗಟ್ಟಿ ಮಾಡುತ್ತವೆ. ಆಳಂದದ ಹುಡುಗ ಎಡವುವುದು ಕೆಳಗಿನ ಮೊದಲ ಮೆಟ್ಟಿಲಿನಲ್ಲಿ.

ಆ ಮೊದಲ ಮೆಟ್ಟಿಲಿಗೆ ಬೇಕಾದುದು ಖರ್ಚಿನ ಭರ್ತಿ. ಇಲ್ಲಿ ಹೆಸರಿನ ಸೂಕ್ಷ್ಮವೊಂದಿದೆ. ಒಂದು ವಿದ್ಯಾರ್ಥಿವೇತನ ಪಡೆಯುವವನು ಮತ್ತೊಂದನ್ನು ಪಡೆಯುವಂತಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬ ಷರತ್ತು ಮೆಟ್ರಿಕೋತ್ತರ ಯೋಜನೆಯ ನಿಯಮಾವಳಿಯಲ್ಲಿ ಬಹುಕಾಲದಿಂದ ಬಂದುದು. ಆದರೆ ಪುಸ್ತಕ, ಸಲಕರಣೆ, ಊಟ ವಸತಿಗಳಿಗೆಂದು ದೊರೆಯುವ ನೆರವಿಗೆ ಆ ನಿಯಮಾವಳಿ ಅಡ್ಡ ಬಂದುದಿಲ್ಲ. ಆದುದರಿಂದ ದಾನಿಗಳೋ ಹಳೆಯ ವಿದ್ಯಾರ್ಥಿಗಳೋ ಆಟಗಾರನಿಗೆ ಹಣ ಕೊಡುವಾಗ ಅದಕ್ಕೆ ‘ಕ್ರೀಡಾ ವಿದ್ಯಾರ್ಥಿವೇತನ’ ಎಂದು ದೊಡ್ಡ ಹೆಸರಿಟ್ಟು ಅವನನ್ನು ತೊಡಕಿಗೆ ಸಿಕ್ಕಿಸುವುದಕ್ಕಿಂತ, ಬೂಟಿಗೆ ಇಷ್ಟು, ಊಟಕ್ಕೆ ಇಷ್ಟು, ಪ್ರಯಾಣಕ್ಕೆ ಇಷ್ಟು ಎಂದು ಕೊಟ್ಟು ರಸೀದಿ ಇಡುವುದು ಲೇಸು. ಕೊಡುವ ಮುನ್ನ ಆ ವರ್ಷದ ನಿಯಮವನ್ನು ಕಚೇರಿಯಲ್ಲಿ ಕೇಳಿ ತಿಳಿಯುವುದು ಇನ್ನೂ ಲೇಸು.

ಚಿಕ್ಕ ಕಾಲೇಜುಗಳು ಇಂದೇ ಕೈಗೊಳ್ಳಬಹುದಾದ ಕ್ರಮಗಳು ನಾಲ್ಕು. ಕ್ರೀಡಾ ಶುಲ್ಕದಲ್ಲಿ ಮೊದಲ ಹಕ್ಕು ತಂಡದ ಪ್ರಯಾಣಕ್ಕೂ ಊಟಕ್ಕೂ ಇರಲಿ. ಪಾರಿತೋಷಕ, ಶಾಲು ಹಾರಗಳು ಆಮೇಲೆ. ಹಣ ಪಂದ್ಯಕ್ಕೆ ಮುಂಚೆಯೇ ಕೈಗೆ ಸಿಗಲಿ; ಮೂರು ತಿಂಗಳ ಮೇಲೆ ಬರುವ ಭತ್ಯೆ ಸಾಲ ಮಾಡಿ ಹೋದವನ ಬಡ್ಡಿಗೆ ಸಾಲದು. ಪಂದ್ಯಕ್ಕೆ ಹೋದ ದಿನಗಳ ಹಾಜರಿ ತಪ್ಪದಂತೆ ಆಯಾ ವಾರವೇ ಬರೆಯಲ್ಪಡಲಿ. ವರ್ಷಕ್ಕೊಮ್ಮೆ ಜಮಾ ಖರ್ಚಿನ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಲಿ. ವಿಶ್ವವಿದ್ಯಾಲಯವು ದೂರದ ತಂಡಗಳಿಗೆ ವಸತಿ ಒದಗಿಸಿ, ಪಂದ್ಯಗಳಲ್ಲಿ ಕೆಲವನ್ನಾದರೂ ಸರದಿಯ ಮೇಲೆ ತಾಲ್ಲೂಕು ಕೇಂದ್ರಗಳಲ್ಲಿ ನಡೆಸಿದರೆ ದಾರಿಯ ಭಾರ ಎಲ್ಲರ ಹೆಗಲಿಗೂ ಹಂಚಿಹೋಗುತ್ತದೆ. ಒಂದು ವರ್ಷ ಕಲಬುರಗಿಯ ಹುಡುಗರೂ ಬುತ್ತಿ ಕಟ್ಟಿಕೊಂಡು ಅಫಜಲಪುರದ ಬಸ್ಸು ಹತ್ತಲಿ.

ಆಟಗಾರನಿಗೆ ಇತರರಿಗಿಂತ ಹೆಚ್ಚು ಕೊಡಿರೆಂದು ಇಲ್ಲಿ ಕೇಳುತ್ತಿಲ್ಲ. ಆಡಿದ ಕಾರಣಕ್ಕೆ ಅವನು ಇತರರಿಗಿಂತ ಹೆಚ್ಚು ಕಳೆದುಕೊಳ್ಳಬಾರದು, ಅಷ್ಟೇ ಕೇಳಿಕೆ. ಜಾತ್ರೆಯ ಹಿರಿಯರಂತೆ ನಾವೂ ಜೋಡಿ ಕಟ್ಟುವವರು. ಕಣಕ್ಕಿಳಿಯುವ ಮುನ್ನ ‘ಉಂಡು ಬಂದೆಯಾ ತಮ್ಮಾ?’ ಎಂದು ಒಂದು ಮಾತು ಕೇಳುವುದನ್ನು ರೂಢಿ ಮಾಡಿಕೊಂಡರೆ, ಆಮೇಲೆ ಸೋಲಲಿ ಗೆಲ್ಲಲಿ, ಆ ಆಟವನ್ನು ನ್ಯಾಯದ ಆಟವೆಂದು ಕರೆಯಬಹುದು.