‘ನೋಡೋಣ’ ಎಂಬ ಉತ್ತರದ ಬೆಲೆ
ವಿದೇಶಿ ವ್ಯವಹಾರದಲ್ಲಿ ಅಭಿಪ್ರಾಯ ತಿಳಿಸುವ ರೀತಿಯೂ ಬಂಡವಾಳವೇ

“ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ” ಎಂಬ ಗಾದೆಯನ್ನು ಅರಿತೇ ನಮ್ಮ ನಾಡಿನ ಉದ್ಯಮಿ ವ್ಯವಹಾರಕ್ಕಿಳಿಯುತ್ತಾನೆ. ದೊಡ್ಡ ಗ್ರಾಹಕನ ಎದುರು “ಆಗುವುದಿಲ್ಲ” ಎಂಬ ಪದವನ್ನು ಉಚ್ಚರಿಸದೆ ಕೆಲಸ ಸಾಗಿಸುವುದು ಇಲ್ಲಿ ಜಾಣ್ಮೆಯೆನಿಸುತ್ತದೆ. “ನೋಡೋಣ”, “ಪ್ರಯತ್ನಿಸುತ್ತೇವೆ” ಎಂಬ ಉತ್ತರಗಳ ಒಳಾರ್ಥ ಹೇಳುವವನಂತೆ ಕೇಳುವವನಿಗೂ ತಿಳಿದಿರುತ್ತದೆ. ಆದರೆ ಇದೇ ಉತ್ತರ ಕಡಲಾಚೆಯ ಗ್ರಾಹಕನನ್ನು ತಲುಪಿದಾಗ ಒಳಾರ್ಥ ಇಲ್ಲಿಯೇ ಉಳಿದು, ಪದ ಮಾತ್ರ ಅಲ್ಲಿಗೆ ಹೋಗುತ್ತದೆ. ಅನೇಕ ರಫ್ತು ವ್ಯವಹಾರಗಳಲ್ಲಿ ತೊಡಕು ಆರಂಭವಾಗುವುದು ಇಲ್ಲಿಂದಲೇ.

ಸ್ಟುಟ್‌ಗಾರ್ಟ್‌ನ ಸಭೆಯಲ್ಲಿ

ಕರ್ನಾಟಕಕ್ಕೂ ಜರ್ಮನಿಗೂ ಕೈಗಾರಿಕಾ ನಂಟು ಹಳೆಯದು. 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರು ಪಡೆದ ಸಂಸ್ಥೆಯನ್ನು ಬೆಂಗಳೂರಿನ ಹಿರಿಯರು ಇಂದಿಗೂ ‘ಮೈಕೋ’ ಎಂದೇ ಕರೆಯುತ್ತಾರೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಿಂದ ಹ್ಯಾನೋವರ್ ಮೇಳಕ್ಕೆ ಹೋಗಿಬರುವವರೂ, ಸ್ಟುಟ್‌ಗಾರ್ಟ್‌ನಲ್ಲಿ ಉದ್ಯೋಗಕ್ಕೆ ನಿಲ್ಲುವ ತರುಣ ಎಂಜಿನಿಯರುಗಳೂ ಇದ್ದಾರೆ.

ಹೀಗೆ ಹೊಸದಾಗಿ ಹೋದವರಿಗೆ ಮೊದಲ ಆಘಾತ ತಟ್ಟುವುದು ಚಳಿಯಿಂದಲ್ಲ, ಸಭೆಯಿಂದ. ಹೊಸಬನು ಸಿದ್ಧಪಡಿಸಿದ ವಿನ್ಯಾಸವನ್ನು ಸಹೋದ್ಯೋಗಿ ಎಲ್ಲರ ಎದುರಿಗೇ “ಇದು ತಪ್ಪು, ಈ ಕಾರಣಕ್ಕೆ ತಪ್ಪು” ಎನ್ನುತ್ತಾನೆ. ಪೀಠಿಕೆಯಿಲ್ಲ, ಸಮಾಧಾನದ ಮಾತಿಲ್ಲ. ಅವಮಾನದಿಂದ ಕುಗ್ಗಿದ ಹೊಸಬನಿಗೆ, ಅದೇ ಸಹೋದ್ಯೋಗಿ ಮಧ್ಯಾಹ್ನ ನಗುತ್ತ ಊಟಕ್ಕೆ ಕರೆದಾಗ ಮತ್ತಷ್ಟು ಗೊಂದಲವಾಗುತ್ತದೆ. ಟೀಕೆ ವಸ್ತುವಿನ ಮೇಲಿರಬೇಕು, ವ್ಯಕ್ತಿಯ ಮೇಲಲ್ಲ ಎಂಬುದು ಅಲ್ಲಿನ ಕಚೇರಿಗಳ ನಂಬಿಕೆ. ಮೇಲಧಿಕಾರಿಯ ಲೆಕ್ಕದಲ್ಲಿ ತಪ್ಪು ಕಂಡರೂ ತಿಳಿಸದ ಕಿರಿಯನನ್ನು ಅಲ್ಲಿ ವಿನಯವಂತನೆಂದು ಭಾವಿಸುವುದಿಲ್ಲ. ಹೊಣೆಗೇಡಿಯೆಂದು ಭಾವಿಸುವ ಸಂಭವವೇ ಹೆಚ್ಚು. ಹೊಗಳಿಕೆಯಲ್ಲಿಯೂ ಅವರು ಮಿತವ್ಯಯಿಗಳು. “ಬೈಯದಿದ್ದರೆ ಅದೇ ಸಾಕಷ್ಟು ಹೊಗಳಿಕೆ” ಎಂಬ ಅರ್ಥದ ಗಾದೆಯೇ ಸ್ಟುಟ್‌ಗಾರ್ಟ್ ಸುತ್ತಲಿನ ಸ್ವಾಬಿಯಾ ಪ್ರಾಂತದಲ್ಲಿದೆ.

ಇತ್ತ ಹೊಸಬನ ನಡೆಯೂ ಜರ್ಮನರಿಗೆ ಒಗಟಾಗುತ್ತದೆ. ನಾವು ಮಾತು ಕೇಳುತ್ತ ‘ಹೂಂ’ಗುಟ್ಟುವುದು, ತಲೆಯಾಡಿಸುವುದು “ಕೇಳುತ್ತಿದ್ದೇನೆ” ಎಂಬ ಸೂಚನೆಗಾಗಿ. ಅವರು ಅದನ್ನು “ಒಪ್ಪಿದ್ದೇನೆ” ಎಂದು ನಡಾವಳಿಯಲ್ಲಿ ದಾಖಲಿಸಿಬಿಡುತ್ತಾರೆ.

ವಿದ್ವಾಂಸರು ಕಂಡಂತೆ

ಈ ವ್ಯತ್ಯಾಸವನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್, ಮಾತಿನ ಅರ್ಥ ಬಹುಪಾಲು ಸಂದರ್ಭದಲ್ಲಿ ಅಡಗಿರುವ ಸಂಸ್ಕೃತಿಗಳು ಮತ್ತು ಅರ್ಥವೆಲ್ಲ ಪದದಲ್ಲೇ ಇರುವ ಸಂಸ್ಕೃತಿಗಳು ಎಂಬ ವಿಂಗಡಣೆಯನ್ನು 1976ರ ತಮ್ಮ ಗ್ರಂಥದಲ್ಲಿ ಮುಂದಿಟ್ಟರು. ನೆದರ್ಲೆಂಡ್ಸ್‌ನ ಗೀರ್ಟ್ ಹಾಫ್‌ಸ್ಟೆಡ್ ಅವರು ಐಬಿಎಂ ಸಂಸ್ಥೆಯ ಅನೇಕ ದೇಶಗಳ ನೌಕರರ ಸಮೀಕ್ಷೆಯನ್ನು ಆಧರಿಸಿ, ಮೇಲಧಿಕಾರಿ ಮತ್ತು ಕೆಳಗಿನವರ ನಡುವಿನ ಅಂತರವನ್ನು ಜನ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪುತ್ತಾರೆ ಎಂಬುದಕ್ಕೆ ಅಂಕ ನೀಡಿದರು. ಅದರಲ್ಲಿ ಭಾರತಕ್ಕೆ 77, ಜಪಾನಿಗೆ 54, ನೆದರ್ಲೆಂಡ್ಸ್‌ಗೆ 38, ಜರ್ಮನಿಗೆ 35. ಸರಾಸರಿ ಅಂಕ ಒಬ್ಬೊಬ್ಬ ವ್ಯಕ್ತಿಯ ಸ್ವಭಾವವನ್ನು ಹೇಳದು; ನಮ್ಮಲ್ಲಿಯೇ ಹುಬ್ಬಳ್ಳಿಯ ನೇರ ಮಾತು ಬೇರೆ, ಮೈಸೂರಿನ ನಯ ಬೇರೆ. ಆದರೂ ಎದುರಿಗಿರುವವನು ಯಾವ ಅಭ್ಯಾಸದಿಂದ ಬಂದವನೆಂದು ಊಹಿಸಲು ಇದು ನೆರವಾಗುತ್ತದೆ.

ಮೌನವು ಸಮ್ಮತಿಯೇ?

ವಿಷಯ ಕೇವಲ ಶಿಷ್ಟಾಚಾರದ್ದಾಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಅದಕ್ಕೆ ಕಾನೂನಿನ ಮುಖವೂ ಇದೆ. ಭಾರತೀಯ ಕರಾರು ಅಧಿನಿಯಮ, 1872ರ 7ನೇ ಕಲಮಿನಂತೆ ಸಮ್ಮತಿಯು ಪೂರ್ಣವೂ ನಿಶ್ಶರ್ತವೂ ಆಗಿರಬೇಕು. ಕೇವಲ ಮೌನವು ಸಾಮಾನ್ಯವಾಗಿ ಸಮ್ಮತಿಯೆನಿಸದು. ಜರ್ಮನಿಯ ವಾಣಿಜ್ಯ ಪದ್ಧತಿಯಲ್ಲಾದರೋ, ಮಾತುಕತೆಯ ನಂತರ ಒಬ್ಬ ವರ್ತಕನು ಷರತ್ತುಗಳನ್ನು ನಮೂದಿಸಿ ದೃಢೀಕರಣ ಪತ್ರ ಕಳುಹಿಸಿದಾಗ, ಇನ್ನೊಬ್ಬ ವರ್ತಕನು ತಡಮಾಡದೆ ಆಕ್ಷೇಪಿಸದಿದ್ದರೆ ಸಾಮಾನ್ಯವಾಗಿ ಆ ಷರತ್ತುಗಳಿಗೆ ಬದ್ಧನಾಗುತ್ತಾನೆ. ಆ ದೇಶದ ಕಾನೂನು ಅನ್ವಯಿಸುವ ವ್ಯವಹಾರದಲ್ಲಿ, “ಆಮೇಲೆ ಉತ್ತರಿಸಿದರಾಯಿತು” ಎಂದು ಪತ್ರವನ್ನು ಬದಿಗಿಟ್ಟವನು ತನಗರಿವಿಲ್ಲದೆಯೇ ಒಪ್ಪಿಗೆ ಕೊಟ್ಟಂತಾಗಬಹುದು.

ಜರ್ಮನ್ ವಾಣಿಜ್ಯ ಸಂಹಿತೆಯ 377ನೇ ಕಲಮನ್ನೂ ಗಮನಿಸಬೇಕು. ಸರಕು ಕೈಸೇರಿದೊಡನೆ ವರ್ತಕನಾದ ಖರೀದಿದಾರನು ಅದನ್ನು ಪರೀಕ್ಷಿಸಿ, ದೋಷವಿದ್ದರೆ ವಿಳಂಬವಿಲ್ಲದೆ ತಿಳಿಸಬೇಕು. ಇಲ್ಲವಾದರೆ, ಪರೀಕ್ಷೆಯಲ್ಲಿ ಕಾಣಸಿಗಬಹುದಾಗಿದ್ದ ದೋಷಗಳ ಮಟ್ಟಿಗೆ ಸರಕನ್ನು ಒಪ್ಪಿಕೊಂಡಂತೆಯೇ. ಆದುದರಿಂದ ಸರಕು ತಲುಪಿದ ಕೆಲವೇ ದಿನಗಳಲ್ಲಿ ಬರುವ ಖಾರವಾದ ಪತ್ರ ಸಂಬಂಧ ಮುರಿಯುವ ಸೂಚನೆಯಲ್ಲ. ಗ್ರಾಹಕನು ತನ್ನ ಹಕ್ಕನ್ನು ಉಳಿಸಿಕೊಳ್ಳುತ್ತಿದ್ದಾನೆ, ಅಷ್ಟೆ. ಮುನಿಸಿಕೊಂಡು ಸುಮ್ಮನಾಗುವ ಬದಲು ಅಂಶವಾರು ಉತ್ತರ ಬರೆದರೆ ನಂಟು ಗಟ್ಟಿಯಾಗುತ್ತದೆ.

ಜಪಾನಿನ ದಾರಿ ಬೇರೆ

ವಿದೇಶವೆಂದರೆ ಎಲ್ಲೆಡೆ ನೇರ ನುಡಿಯೆಂದು ತಿಳಿಯುವುದೂ ತಪ್ಪು. ಜಪಾನಿನಲ್ಲಿ ‘ಹಾಯ್’ ಎಂಬ ಹೌದು ನಮ್ಮ ‘ಹೂಂ’ನ ಹತ್ತಿರದ ಬಂಧು. “ಪರಿಶೀಲಿಸುತ್ತೇವೆ” ಎಂಬ ಉತ್ತರ ಅನೇಕ ವೇಳೆ ಮರ್ಯಾದೆಯ ನಿರಾಕರಣೆ. ಅಲ್ಲಿ ಅಭಿಪ್ರಾಯಭೇದಗಳು ಸಭೆಗೆ ಮೊದಲೇ ಒಬ್ಬೊಬ್ಬರೊಡನೆ ಚರ್ಚೆಯಾಗಿ ಬಗೆಹರಿದಿರುತ್ತವೆ. ಇದಕ್ಕೆ ‘ನೆಮವಾಶಿ’ ಎಂದು ಹೆಸರು. ಗಿಡವನ್ನು ಬೇರೆಡೆ ನೆಡುವ ಮುನ್ನ ಬೇರಿನ ಸುತ್ತ ಹದಗೊಳಿಸುವುದು ಈ ಪದದ ಮೂಲಾರ್ಥ. ಸಭೆಯಲ್ಲಿ ಎದ್ದು ನಿಂತು ವಿರೋಧಿಸಿದವನು ಅಲ್ಲಿ ಸಾಮಾನ್ಯವಾಗಿ ಮೆಚ್ಚುಗೆ ಗಳಿಸುವುದಿಲ್ಲ. ಹಾಗೆಂದು ದೋಷವನ್ನು ಮುಚ್ಚಿಡುವ ಪದ್ಧತಿ ಅವರದಲ್ಲ. ಬಿಡದಿಯಲ್ಲಿ 1999ರ ಅಂತ್ಯದಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟಾದ ಉತ್ಪಾದನಾ ಪದ್ಧತಿಯಲ್ಲಿ, ದೋಷ ಕಂಡ ಸಾಮಾನ್ಯ ಕಾರ್ಮಿಕನೂ ಸೂಚನೆ ನೀಡಿ ಜೋಡಣಾ ಸಾಲನ್ನು ನಿಲ್ಲಿಸಬಹುದು. ಬಾಯಿ ಹೇಳಲು ಹಿಂಜರಿಯುವುದನ್ನು ಅಲ್ಲಿ ವ್ಯವಸ್ಥೆಯೇ ಹೇಳಿಸುತ್ತದೆ.

ಲೆಕ್ಕದ ಪುಸ್ತಕದಲ್ಲಿ

ಒಂದು ಉದಾಹರಣೆಯನ್ನು ಪರಿಗಣಿಸಬಹುದು. 40 ಲಕ್ಷ ರೂ.ಗಳ ಒಂದು ಬೇಡಿಕೆಯಲ್ಲಿ ನಿವ್ವಳ ಲಾಭ ಶೇ. 8, ಅಂದರೆ 3.20 ಲಕ್ಷ ರೂ. ಎಂದುಕೊಳ್ಳೋಣ. ಎಂಟು ವಾರ ಸಾಲದೆಂದು ತಿಳಿದೂ “ಪ್ರಯತ್ನಿಸುತ್ತೇವೆ” ಎಂದು ಉತ್ತರಿಸಿ, ಆರು ವಾರ ತಡವಾಯಿತು. ವಾರಕ್ಕೆ ಶೇ. 0.5ರಂತೆ ದಂಡ 1.20 ಲಕ್ಷ ರೂ. ಇನ್ನಷ್ಟು ವಿಳಂಬ ತಪ್ಪಿಸಲು ಹಡಗಿನ ಬದಲು ವಿಮಾನದಲ್ಲಿ ಕಳುಹಿಸಿದ್ದಕ್ಕೆ ಹೆಚ್ಚುವರಿ 1.50 ಲಕ್ಷ ರೂ. ಉಳಿದದ್ದು ಕೇವಲ 50,000 ರೂ. “ಹದಿನಾಲ್ಕು ವಾರ ಬೇಕು” ಎಂದು ಮೊದಲೇ ಹೇಳಿದ್ದರೆ ಗ್ರಾಹಕನು ಚೌಕಾಸಿ ಮಾಡುತ್ತಿದ್ದನು, ಬಹುಶಃ ಒಪ್ಪುತ್ತಿದ್ದನು. ಒಪ್ಪದಿದ್ದರೂ ಆತನ ವಿಶ್ವಾಸ ಉಳಿಯುತ್ತಿತ್ತು. ವಿಶ್ವಾಸನಷ್ಟಕ್ಕೆ ಲಾಭ-ನಷ್ಟ ಖಾತೆಯಲ್ಲಿ ಪ್ರತ್ಯೇಕ ಬಾಬ್ತಿಲ್ಲ. ಮುಂದಿನ ವರ್ಷದ ಮಾರಾಟದ ಅಂಕಿಯಲ್ಲಿ ಅದು ತಾನಾಗಿ ಗೋಚರಿಸುತ್ತದೆ.

ಪಾಲಿಸಬಹುದಾದ ಕ್ರಮಗಳು

1. ಪ್ರತಿ ಮಾತುಕತೆಯ ನಂತರ, ಒಪ್ಪಿದ ಮತ್ತು ಒಪ್ಪದ ಅಂಶಗಳನ್ನು ಪ್ರತ್ಯೇಕವಾಗಿ ಅಂದೇ ಬರೆದು ಕಳುಹಿಸಬೇಕು.
2. “ಪ್ರಯತ್ನಿಸುತ್ತೇವೆ” ಎಂಬುದರ ಬದಲು ದಿನಾಂಕ, ಪ್ರಮಾಣ ಮತ್ತು ಷರತ್ತನ್ನು ತಿಳಿಸಬೇಕು.
3. ಗ್ರಾಹಕನ ದೃಢೀಕರಣ ಪತ್ರವನ್ನು ಓದದೆ ಕಡತಕ್ಕೆ ಸೇರಿಸಬಾರದು.
4. ವಿದೇಶಕ್ಕೆ ಕಳುಹಿಸುವ ಸಿಬ್ಬಂದಿಗೆ, ಭಿನ್ನಾಭಿಪ್ರಾಯ ತಿಳಿಸುವ ಅಧಿಕಾರವನ್ನು ಇಲ್ಲಿಂದಲೇ ಕೊಟ್ಟು ಕಳುಹಿಸಬೇಕು.

ಕೊನೆಯ ಅಂಶವೇ ಎಲ್ಲಕ್ಕಿಂತ ಕಠಿಣ. ತನ್ನ ಕಚೇರಿಯಲ್ಲಿ ಮಾಲೀಕನ ಎದುರು “ಇದು ಆಗುವುದಿಲ್ಲ” ಎನ್ನಲು ಅಂಜುವ ನೌಕರನು, ಸ್ಟುಟ್‌ಗಾರ್ಟ್‌ನ ಗ್ರಾಹಕನ ಎದುರು ಅದನ್ನು ಹೇಳಲಾರ. ಅಡ್ಡಗೋಡೆಯ ಮೇಲೆ ದೀಪವಿಡುವ ಅಭ್ಯಾಸವನ್ನು ಬಿಡಬೇಕಾದುದು ವಿಮಾನ ಏರಿದ ಮೇಲಲ್ಲ, ನಮ್ಮ ನಮ್ಮ ಕಚೇರಿಗಳಲ್ಲಿಯೇ.