ಎರಡಾಣೆಯ ವಿಭಜನೆ

ಒಂದು ವ್ಯವಸ್ಥೆಯನ್ನು ಭಾಗಗಳಾಗಿ ಒಡೆದು ಅದರ ತೊಡಕನ್ನು ಬಿಡಿಸುವ ಉಪಾಯ ಮನುಷ್ಯನಿಗೆ ಹೊಸದಲ್ಲವಾದರೂ, ಅದಕ್ಕೆ ಶಾಸ್ತ್ರದ ರೂಪ ಕೊಟ್ಟವನು ಸೋವಿಯತ್ ಒಕ್ಕೂಟದ ಗೆನ್ರಿಖ್ ಆಲ್ಟ್‌ಶುಲ್ಲರ್. 1946ರಿಂದ ಆರಂಭಿಸಿ ಅಪಾರ ಸಂಖ್ಯೆಯ ಪೇಟೆಂಟ್ ದಾಖಲೆಗಳನ್ನು ಪರಿಶೀಲಿಸಿದ ಆತ, ಬೇರೆ ಬೇರೆ ಕ್ಷೇತ್ರಗಳ ಆವಿಷ್ಕಾರಗಳಲ್ಲಿ ಒಂದೇ ಬಗೆಯ ಯುಕ್ತಿಗಳು ಮರಳಿ ಮರಳಿ ಕಾಣಿಸಿಕೊಳ್ಳುವುದನ್ನು ಗುರುತಿಸಿ, ಅವುಗಳನ್ನು 40 ಸೂತ್ರಗಳಾಗಿ ಜೋಡಿಸಿದ. ‘ಟ್ರಿಜ್’ ಎಂಬ ಹೆಸರಿನಿಂದ ಪರಿಚಿತವಾದ ಈ ಸಿದ್ಧಾಂತದ ಮೊದಲನೆಯ ಸೂತ್ರವೇ ವಿಭಜನೆ. ವಸ್ತುವನ್ನು ಸ್ವತಂತ್ರ ಭಾಗಗಳಾಗಿ ಒಡೆಯುವುದು, ಅದನ್ನು ಸುಲಭವಾಗಿ ಕಳಚಿ ಜೋಡಿಸಲು ಬರುವಂತೆ ಮಾಡುವುದು ಮತ್ತು ಈಗಾಗಲೇ ಇರುವ ವಿಭಜನೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸುವುದು ಈ ಸೂತ್ರದ ಮೂರು ಮುಖಗಳು. ಆದರೆ ಒಡೆಯುವುದು ಕಷ್ಟದ ಕೆಲಸವೇನಲ್ಲ; ಭಾಗದ ಅಳತೆ ಎಷ್ಟಿರಬೇಕು, ಒಡೆದದ್ದು ಮತ್ತೆ ಕೂಡುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿಯೇ ಆವಿಷ್ಕಾರದ ಬೆಲೆ ಇದೆ. ಇದನ್ನು ಪರೀಕ್ಷಿಸಲು ಉಡುಪಿಯ ಸೀಮೆಗಿಂತ ದೂರ ಹೋಗಬೇಕಾಗಿಲ್ಲ.

ಉದ್ಯಾವರದಿಂದ ಮಲ್ಪೆಯವರೆಗಿನ ಹಳೆಯ ಮನೆಗಳ ಮಾಡಿನ ಮೇಲಿರುವ ಮಂಗಳೂರು ಹಂಚು ಇದಕ್ಕೆ ಮೊದಲ ಸಾಕ್ಷಿ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಅಲ್ಸೇಸ್‌ನ ಗಿಲಾರ್ಡೋನಿ ಸೋದರರು 1841ರಲ್ಲಿ ಪೇಟೆಂಟ್ ಪಡೆದರೆ, ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಮಲ್ಪೆಯಲ್ಲಿಯೂ ಮಿಷನ್ನಿನ ಕಾರ್ಖಾನೆ ಎದ್ದಿತು. ವರ್ಷ ವರ್ಷವೂ ಹೊಸದಾಗಿ ಹೊದಿಸಬೇಕಿದ್ದ ಮುಳಿಹುಲ್ಲಿನ ಮಾಡಿಗೆ ಹೋಲಿಸಿದರೆ ಇಲ್ಲಿ ಒಡೆದ ಹಂಚೊಂದನ್ನು ಮಾತ್ರ ತೆಗೆದು ಬೇರೊಂದನ್ನು ಕೂರಿಸಿದರೆ ಸಾಕು. ಈ ಅನುಕೂಲ ಬಂದದ್ದು ಮಾಡನ್ನು ತುಂಡು ಮಾಡಿದ್ದರಿಂದ ಮಾತ್ರವಲ್ಲ, ಏಕೆಂದರೆ ನಾಡಹಂಚೂ ತುಂಡೇ. ಅಂಚಿನ ಕಚ್ಚುಗಳು ನೆರೆಯ ಹಂಚನ್ನು ಹಿಡಿಯುವಂತೆ, ಅಡಿಯ ಉಬ್ಬು ರೀಪಿಗೆ ಸಿಕ್ಕಿಕೊಳ್ಳುವಂತೆ ಜೋಡಣೆಯನ್ನು ಹಂಚಿನೊಳಗೇ ಅಚ್ಚೊತ್ತಿದ್ದರಿಂದ ಬಂದದ್ದು.

ವಿಭಜನೆ ಎಲ್ಲೆಡೆಯೂ ಸಲ್ಲುವುದಿಲ್ಲವೆಂಬುದಕ್ಕೆ 1432ರಲ್ಲಿ ವೀರಪಾಂಡ್ಯ ಭೈರರಸ ಸ್ಥಾಪಿಸಿದ ಕಾರ್ಕಳದ 42 ಅಡಿಯ ಗೊಮ್ಮಟ ಸಾಕ್ಷಿಯಾಗಿ ನಿಂತಿದ್ದಾನೆ. ತುಂಡುಗಳಾಗಿ ಸಾಗಿಸಿದ್ದರೆ ಶ್ರಮ ಎಷ್ಟೋ ಉಳಿಯುತ್ತಿತ್ತು. ಆದರೆ ಏಕಶಿಲೆಯೆಂಬುದೇ ಆ ವಿಗ್ರಹದ ಅರ್ಥವಾಗಿರುವಾಗ ಆ ಉಳಿತಾಯಕ್ಕೆ ಬೆಲೆಯಿಲ್ಲ.

ಕಾಲವನ್ನು ಭಾಗ ಮಾಡಿದ ಉದಾಹರಣೆ ಉಡುಪಿಯ ಪರ್ಯಾಯ. ಶ್ರೀಕೃಷ್ಣನ ಪೂಜೆಯ ಹೊಣೆಯನ್ನು ಎಂಟು ಮಠಗಳು ಸರದಿಯಲ್ಲಿ ಹೊರುವ ಈ ವ್ಯವಸ್ಥೆಯಲ್ಲಿ ಮೊದಲು ಒಂದೊಂದು ಮಠಕ್ಕೆ ಎರಡು ತಿಂಗಳ ಅವಧಿಯಿತ್ತೆಂದೂ, ಸೋದೆ ಮಠದ ವಾದಿರಾಜರು 16ನೆಯ ಶತಮಾನದಲ್ಲಿ ಅದನ್ನು ಎರಡು ವರ್ಷಕ್ಕೆ ವಿಸ್ತರಿಸಿದರೆಂದೂ ಪರಂಪರೆ ಹೇಳುತ್ತದೆ. ಟ್ರಿಜ್ ಭಾಗವನ್ನು ಇನ್ನಷ್ಟು ಕಿರಿದಾಗಿಸೆನ್ನುವಲ್ಲಿ ವಾದಿರಾಜರು ಅದನ್ನು ಹಿರಿದಾಗಿಸಿದರು. ಇದರಿಂದ ಒಂದು ಸರದಿ ಮುಗಿಸಿದ ಮಠಕ್ಕೆ ಮುಂದಿನ ಸರದಿಯವರೆಗೆ 14 ವರ್ಷಗಳ ಬಿಡುವು ದೊರೆತು, ಯತಿಗಳಿಗೆ ಸಂಚಾರಕ್ಕೂ ಅಧ್ಯಯನಕ್ಕೂ ದ್ರವ್ಯಸಂಗ್ರಹಕ್ಕೂ ಅವಕಾಶವಾಯಿತು. ಬಾಳೆ, ಅಕ್ಕಿ, ಕಟ್ಟಿಗೆ ಮತ್ತು ಭತ್ತದ ಮುಹೂರ್ತಗಳೆಂದು ಪರ್ಯಾಯದ ಸಿದ್ಧತೆಯೂ ನಾಲ್ಕು ಹಂತಗಳಾಗಿ ಹಂಚಿಹೋಗಿರುವುದು ಗಮನಾರ್ಹ.

ಅಳತೆ ಮತ್ತು ಜೋಡಣೆ ಎರಡೂ ಒಟ್ಟಿಗೆ ಫಲಿಸಿದ್ದು ಪಿಗ್ಮಿ ಠೇವಣಿಯಲ್ಲಿ. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದ ಕಾಲದಲ್ಲಿ, ವೈದ್ಯರಾದ ಡಾ. ಟಿ.ಎಂ.ಎ. ಪೈ, ಉದ್ಯಮಿ ಉಪೇಂದ್ರ ಅನಂತ ಪೈ ಮತ್ತು ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ 1925ರಲ್ಲಿ 8,000 ರೂಪಾಯಿ ಬಂಡವಾಳದೊಂದಿಗೆ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಮುಂದೆ ಮಣಿಪಾಲವನ್ನು ಕೇಂದ್ರವಾಗಿ ಮಾಡಿಕೊಂಡು ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ ಸಂಸ್ಥೆ. ದಿನಗೂಲಿಯವನ ಕೈಯಲ್ಲಿ ತಿಂಗಳ ಕೊನೆಗೆ ಹಣ ಉಳಿಯುವುದಿಲ್ಲ, ಉಳಿಯುವ ಚಿಲ್ಲರೆಗಾಗಿ ಅವನು ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ, ಹತ್ತಿದರೂ ಆ ಚಿಲ್ಲರೆಯ ಲೆಕ್ಕ ಬರೆಯುವ ಖರ್ಚು ಬ್ಯಾಂಕಿಗೆ ಗಿಟ್ಟುವುದಿಲ್ಲ. ಒಂದನ್ನು ಸರಿಪಡಿಸಹೊರಟರೆ ಇನ್ನೊಂದು ಕೆಡುವ ಇಂತಹ ಇಕ್ಕಟ್ಟನ್ನು ಆಲ್ಟ್‌ಶುಲ್ಲರ್ ‘ವಿರೋಧ’ವೆಂದು ಕರೆದ. 1928ರಲ್ಲಿ ಬಂದ ಪಿಗ್ಮಿ ಯೋಜನೆ ಉಳಿತಾಯವನ್ನು ದಿನಕ್ಕೆ ಎರಡಾಣೆಯಷ್ಟು ಸಣ್ಣದಾಗಿ ಒಡೆಯಿತು; ಮೂವತ್ತು ದಿನಕ್ಕೆ ಅದು 3 ರೂಪಾಯಿ 12 ಆಣೆಯಾಗುತ್ತಿತ್ತು. ಈ ಮೊತ್ತವನ್ನು ಒಂದೇ ಸಲ ಕೊಡಲಾರದವನೂ ಎರಡಾಣೆಯನ್ನು ಕೊಡಬಲ್ಲವನಾಗಿದ್ದ. ಆ ಬಿಡಿ ಬಿಡಿ ಆಣೆಗಳನ್ನು ಕೂಡಿಸುವ ಕೆಲಸ, ಮನೆ ಮನೆಗೂ ಅಂಗಡಿ ಅಂಗಡಿಗೂ ಹೋಗಿ ಸಂಗ್ರಹಿಸಿ, ಸಂಗ್ರಹದ ಮೇಲೆ ಕಮಿಷನ್ ಪಡೆಯುವ ಪಿಗ್ಮಿ ಏಜೆಂಟರದಾಯಿತು.

ಭಾಗಗಳು ಸಣ್ಣದಾದಷ್ಟೂ ಜೋಡಿಸುವ ದುಡಿಮೆ ಹೆಚ್ಚುತ್ತದೆ. ಹಂಚಿನಲ್ಲಿ ಆ ಭಾರವನ್ನು ಅಚ್ಚು ಹೊತ್ತರೆ, ಪಿಗ್ಮಿಯಲ್ಲಿ ಅದನ್ನು ಹೊತ್ತವರು ಬಿಸಿಲು ಮಳೆಯೆನ್ನದೆ ಸುತ್ತಿದ ಮನುಷ್ಯರು. ಯೋಜನೆಯ ಹೊಗಳಿಕೆಯಲ್ಲಿ ಈ ಮಾತು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಈ ಏಜೆಂಟರು ಕಾರ್ಮಿಕರೋ ಅಲ್ಲವೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕಮಿಷನ್ ಪಡೆಯುವ ಠೇವಣಿ ಸಂಗ್ರಾಹಕರೂ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು 2001ರಲ್ಲಿ ತೀರ್ಪಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು ಆ ಹೆಸರು ಮರೆಯಾದರೂ, ಕರಾವಳಿಯ ಸಹಕಾರಿ ಸಂಘಗಳಲ್ಲಿ ಪಿಗ್ಮಿ ಸಂಗ್ರಹ ಇಂದಿಗೂ ನಡೆಯುತ್ತಿದೆ.