ಕೊನೆಯ ಕೊಳಾಯಿಯ ಕ್ಲೋರಿನ್

ಕಣ್ಣಿಗೆ ತಿಳಿಯಾಗಿ ಕಂಡ ನೀರನ್ನು ಶುದ್ಧವೆಂದು ನಂಬುವುದು ಮನುಷ್ಯಸಹಜವಾದುದು. ಆದರೆ ಕಾಲರ, ವಿಷಮಶೀತಜ್ವರ ಮೊದಲಾದ ರೋಗಗಳ ಬೀಜಗಳು ಕಣ್ಣಿಗೆ ಕಾಣತಕ್ಕವಲ್ಲ. ಸ್ಫಟಿಕದಂತಹ ನೀರಿನಲ್ಲಿಯೂ ಅವು ಅಡಗಿರಬಹುದು. ಆದುದರಿಂದಲೇ ನಗರಗಳ ನೀರಿಗೆ ಕ್ಲೋರಿನ್ ಬೆರಸುವ ಪದ್ಧತಿಯು ಬಳಕೆಗೆ ಬಂದಿತು. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿಯ ನೀರಿಗೆ ಡಾಕ್ಟರ್ ಜಾನ್ ಲೀಲ್ ಎಂಬವರು ಬ್ಲೀಚಿಂಗ್ ಪುಡಿಯನ್ನು ಬೆರಸುವ ಏರ್ಪಾಡು ಮಾಡಿದುದು ಈ ಪದ್ಧತಿಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಬೆರಸುವುದು ಸುಲಭ, ಬೆರಸಿದುದರಲ್ಲಿ ಎಷ್ಟು ಉಳಿದಿದೆಯೆಂದು ಅರಿಯುವುದು ಕಷ್ಟ. ಆ ಅರಿವನ್ನು ಒದಗಿಸುವ ಉಪಕರಣಗಳ ವಿಚಾರವನ್ನು ನಾವು ಈ ಹೊತ್ತು ಹೇಳಬೇಕೆಂದಿದ್ದೇವೆ.

ತುಮಕೂರು ನಗರಕ್ಕೆ ಕುಡಿಯುವ ನೀರು ಮುಖ್ಯವಾಗಿ ದೊರೆಯುವುದು ಬುಗುಡನಹಳ್ಳಿಯ ಕೆರೆಯಿಂದ. ಆ ಕೆರೆಯನ್ನು ತುಂಬುವುದು ಹೇಮಾವತಿಯ ನಾಲೆ. ಹಾಸನ ಜಿಲ್ಲೆಯ ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ಹೊರಟ ನೀರು ಬಹುದೂರ ತೆರೆದ ನಾಲೆಯಲ್ಲಿ ಹರಿದು ಬರಬೇಕು. ಗುಬ್ಬಿ, ಕುಣಿಗಲ್ ಸೀಮೆಗಳ ಕೆರೆಗಳಿಗೂ ಈ ನಾಲೆಯೇ ಆಸರೆ. ಹೀಗೆ ಬಯಲಿನಲ್ಲಿ ಹರಿದು ಕೆರೆಯಲ್ಲಿ ನಿಂತ ನೀರಿನ ಗುಣವು ಒಂದೇ ತೆರನಾಗಿರುವುದಿಲ್ಲ. ಮುಂಗಾರಿನ ಮೊದಲ ಮಳೆಗೆ ಅದು ಕೆಂಪಗೆ ಕದಡುತ್ತದೆ; ಬೇಸಗೆಯಲ್ಲಿ ಕೆರೆ ತಗ್ಗಿದಾಗ ಪಾಚಿ ಕಟ್ಟುತ್ತದೆ. ಕ್ಲೋರಿನ್ನಿನ ಒಂದು ಭಾಗವು ಕೊಳೆತ ಎಲೆ, ಪಾಚಿ, ಅಮೋನಿಯ ಮುಂತಾದವುಗಳೊಡನೆ ಸೇರಿ ವೆಚ್ಚವಾಗಿಹೋಗುತ್ತದೆ. ಈ ವೆಚ್ಚ ಕಳೆದು ಸ್ವತಂತ್ರವಾಗಿ ನಿಂತುದನ್ನು ಉಳಿಕೆ ಕ್ಲೋರಿನ್ ಎಂದು ಕರೆಯಬಹುದು. ನಮ್ಮನ್ನು ಕಾಯತಕ್ಕದ್ದು ಇದೇ. ನಿನ್ನೆ ಸಾಕಾದ ಪ್ರಮಾಣವು ಇಂದು ಏನನ್ನೂ ಉಳಿಸದೆ ಹೋಗಬಹುದು.

ಈ ಉಳಿಕೆಯು ಒಂದು ಲೀಟರ್ ನೀರಿನಲ್ಲಿ 0.2 ಮಿಲಿಗ್ರಾಂಗೆ ಕಡಮೆಯಾಗಬಾರದೆಂದು ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನಕವು ಹೇಳುತ್ತದೆ. ಅಂದರೆ, 1000 ಲೀಟರ್ ಹಿಡಿಯುವ ಮನೆಯ ತೊಟ್ಟಿಯೊಂದರಲ್ಲಿ ಒಂದು ಗ್ರಾಂನ ಐದರಲ್ಲೊಂದು ಭಾಗ. ವೈರಸ್‌ಗಳಿಂದ ರಕ್ಷಣೆ ಬೇಕಾದಲ್ಲಿ ಕನಿಷ್ಠ ಪ್ರಮಾಣವು 0.5 ಮಿಲಿಗ್ರಾಂ. ಅತಿಯಾಗಿ ಸುರಿಯುವುದೂ ತರವಲ್ಲ. ನೀರಿನ ರುಚಿ ಕೆಡುವುದಲ್ಲದೆ, ಕೊಳೆತ ಪದಾರ್ಥಗಳೊಡನೆ ಕ್ಲೋರಿನ್ ಸೇರಿ ದೇಹಕ್ಕೆ ಹಿತವಲ್ಲದ ವಸ್ತುಗಳೂ ಹುಟ್ಟಬಹುದು.

ಇಷ್ಟು ಅಲ್ಪವಾದುದನ್ನು ಎಡೆಬಿಡದೆ ಅಳೆಯುವ ಸಾಧನವೇ ಸೆನ್ಸರ್. ಸಾಮಾನ್ಯವಾದ ಒಂದು ಬಗೆಯಲ್ಲಿ ತೆಳುವಾದ ಪೊರೆಯೊಂದು ಇರುತ್ತದೆ. ಅದರ ಹಿಂದೆ ಲವಣದ್ರಾವಣ. ದ್ರಾವಣದಲ್ಲಿ ಚಿನ್ನ ಇಲ್ಲವೆ ಪ್ಲಾಟಿನಂನ ಒಂದು ಧ್ರುವ, ಬೆಳ್ಳಿಯ ಇನ್ನೊಂದು ಧ್ರುವ. ಪೊರೆಯನ್ನು ದಾಟಿದ ಕ್ಲೋರಿನ್ ಧ್ರುವವನ್ನು ಮುಟ್ಟಿದೊಡನೆ ಅತಿ ಸೂಕ್ಷ್ಮವಾದ ವಿದ್ಯುತ್ಪ್ರವಾಹವು ಹರಿಯುತ್ತದೆ. ಕ್ಲೋರಿನ್ ಹೆಚ್ಚಿದಷ್ಟೂ ಪ್ರವಾಹ ಹೆಚ್ಚು. ಆ ಪ್ರವಾಹವನ್ನೇ ಯಂತ್ರವು ಅಂಕಿಯಾಗಿ ತೋರಿಸುತ್ತದೆ.

ಆ ಅಂಕಿಯನ್ನು ನೋಡಿ ಕ್ಲೋರಿನ್ನಿನ ಪಂಪನ್ನು ಏರಿಸಿ ಇಳಿಸತಕ್ಕದ್ದು ನಿಯಂತ್ರಕ. ಅದಕ್ಕೆ ತಾಳ್ಮೆ ಬೇಕು. ಬೆರಸಿದ ಕ್ಲೋರಿನ್ ಸೆನ್ಸರಿನ ಬಳಿಗೆ ಬರಲು ಕೆಲವು ನಿಮಿಷ ಹಿಡಿಯುವುದು. ಸಾರಿಗೆ ಉಪ್ಪು ಹಾಕಿ, ಅದು ಕರಗುವ ಮೊದಲೇ ರುಚಿ ನೋಡಿ, ಸಾಲದೆಂದು ಮತ್ತೊಂದು ಹಿಡಿ ಹಾಕಿದವರ ಗತಿ ಅವಸರದ ನಿಯಂತ್ರಕಕ್ಕೂ ಒದಗುತ್ತದೆ. ಆದುದರಿಂದ ಹರಿಯುವ ನೀರಿನ ಮೊತ್ತಕ್ಕೆ ತಕ್ಕಂತೆ ಮೊದಲು ಬೆರಸಿ, ಅಳತೆಯನ್ನು ನೋಡಿ ಅನಂತರ ಮೆಲ್ಲಗೆ ತಿದ್ದುವಂತೆ ಅದನ್ನು ಅಣಿಗೊಳಿಸುತ್ತಾರೆ.

ಇನ್ನೊಂದು ತೊಡಕುಂಟು. ನೀರಿನಲ್ಲಿ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ. ಕ್ರಿಮಿಗಳನ್ನು ಬೇಗ ಕೊಲ್ಲತಕ್ಕದ್ದು ಹೈಪೋಕ್ಲೋರಸ್ ಆಮ್ಲವೆಂಬ ರೂಪ. ನೀರಿನ ಪಿ.ಎಚ್. ಸುಮಾರು 7.5 ಆಗಿದ್ದರೆ ಅದು ಅರ್ಧದಷ್ಟಿರುತ್ತದೆ. 8 ಆದರೆ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಪೊರೆಯುಳ್ಳ ಸೆನ್ಸರುಗಳು ಬಹುಮಟ್ಟಿಗೆ ಈ ಆಮ್ಲವನ್ನೇ ಅಳೆಯುವುವಾದುದರಿಂದ ಪಿ.ಎಚ್. ಮತ್ತು ಉಷ್ಣತೆಗಳನ್ನೂ ಜೊತೆಯಲ್ಲಿ ಅಳೆಯಬೇಕಾಗುವುದು. ಪೊರೆಯ ಮೇಲೆ ಜಿಡ್ಡು ಕೂತಿತೆಂದರೆ ಯಂತ್ರವು ಇರುವುದಕ್ಕಿಂತ ಕಡಮೆ ತೋರಿಸುತ್ತದೆ. ನಿಯಂತ್ರಕವು ಆ ಸುಳ್ಳು ಸಾಕ್ಷಿಯನ್ನು ನಂಬಿ ಬೇಡದಷ್ಟು ಕ್ಲೋರಿನ್ನನ್ನು ಸುರಿಯುತ್ತದೆ. ಆದುದರಿಂದ ನೌಕರನೊಬ್ಬನು ಆಗಾಗ್ಗೆ ಅದೇ ನೀರನ್ನು ಸಣ್ಣ ಸೀಸೆಯಲ್ಲಿ ಹಿಡಿದು, ಡಿ.ಪಿ.ಡಿ. ಎಂಬ ಪುಡಿಯನ್ನು ಬೆರಸಿ, ಮೂಡುವ ಗುಲಾಬಿ ಬಣ್ಣದ ಸಾಂದ್ರತೆಯಿಂದ ಯಂತ್ರದ ಮಾತನ್ನು ಪರೀಕ್ಷಿಸಬೇಕು. ಯಂತ್ರವು ಮನುಷ್ಯನ ಎಚ್ಚರಕ್ಕೆ ನೆರವಾಗಬಲ್ಲುದೇ ಹೊರತು ಅದಕ್ಕೆ ಬದಲಾಗಲಾರದು.

ಶುದ್ಧೀಕರಣಾಲಯದ ಅಂಕಿ ಸರಿಯಾಗಿದ್ದರೂ ನಮ್ಮ ಕೆಲಸ ಮುಗಿಯಲಿಲ್ಲ. ತೂಬಿನ ಬಳಿಯ ನೀರಿನ ಮಟ್ಟವನ್ನು ಕಂಡು ನಾಲೆಯ ಕೊನೆಯ ಗದ್ದೆ ನೆನೆಯಿತೆಂದು ಯಾವ ರೈತನೂ ಹೇಳುವುದಿಲ್ಲ. ಹೇಮಾವತಿಯ ನೀರಿಗಾಗಿ ಕಾದಿರುವ ಕುಣಿಗಲ್ಲಿನ ಜನರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕ್ಲೋರಿನ್ನಿನ ನ್ಯಾಯವೂ ಹಾಗೆಯೇ. ಕೊಳವೆಯಲ್ಲಿ ಸಾಗುತ್ತ ಸಾಗುತ್ತ ಅದು ಕ್ಷೀಣಿಸುತ್ತದೆ. ನೀರನ್ನು ಸರದಿಯ ಮೇಲೆ ಬಿಡುವ ಬೀದಿಗಳಲ್ಲಿ, ಬರಿದಾದ ಕೊಳವೆಯು ಬಿರುಕುಗಳ ಮೂಲಕ ಚರಂಡಿಯ ಕೊಳೆಯನ್ನು ಒಳಗೆ ಎಳೆದುಕೊಳ್ಳುವ ಅಪಾಯವುಂಟು. ಅಂತಹ ಕಡೆ ಮನೆಯವರಿಗೆ ಉಳಿದಿರುವ ಕಾವಲು ಆ ಅಲ್ಪಪ್ರಮಾಣದ ಉಳಿಕೆಯೊಂದೇ. ಬಹಳವಾಗಿ ಕೊಳೆ ಸೇರಿದರೆ ಅದೂ ಸೋಲುವುದು. ಆದರೆ ಉಳಿಕೆಯು ಥಟ್ಟನೆ ಇಳಿದುಹೋಯಿತೆಂಬುದೇ ಕೊಳವೆ ಒಡೆದಿರಬಹುದೆಂಬ ಮುನ್ನೆಚ್ಚರಿಕೆ.

ಆದುದರಿಂದ ಅಳತೆಯು ಶುದ್ಧೀಕರಣಾಲಯದಲ್ಲಿ ಮಾತ್ರವಲ್ಲದೆ ಎತ್ತರದ ತೊಟ್ಟಿಗಳ ಬಳಿಯಲ್ಲಿಯೂ ಊರಿನ ಅಂಚಿನ ಬೀದಿಗಳಲ್ಲಿಯೂ ನಡೆಯಬೇಕು. ಪರೀಕ್ಷೆಯ ಪುಡಿ ದುಬಾರಿಯಾದುದಲ್ಲ; ಶಾಲೆಯ ಮಕ್ಕಳೂ ಈ ಪರೀಕ್ಷೆಯನ್ನು ಮಾಡಬಲ್ಲರು. ನೀರು ಎಷ್ಟು ಹೊತ್ತಿಗೆ ಬರುವುದೆಂದು ಕೇಳುವ ನಾವು, ಕೊನೆಯ ಕೊಳಾಯಿಯಲ್ಲಿ ಕ್ಲೋರಿನ್ ಎಷ್ಟು ಉಳಿದಿದೆಯೆಂದೂ ಕೇಳುವುದನ್ನು ರೂಢಿಸಿಕೊಂಡರೆ, ಅಳೆಯುವವರ ಎಚ್ಚರವೂ ಹೆಚ್ಚೀತು, ಊರಿನ ಆರೋಗ್ಯವೂ ಉಳಿದೀತು.